ರಕ್ತ ಕಡಿಮೆಯಾದರೆ ಸುಮ್ಮನಿರಬಾರದು

ನಾವು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹೆಂಗಸರು. ಅಡಿಕೆ ಕೊಯ್ಲಿನಲ್ಲಿ ರಾತ್ರಿವರೆಗೂ ಅಡಿಕೆ ಸುಲಿಯುತ್ತೇವೆ. ಗುಡ್ಡ ಹತ್ತುವಾಗ ಏದುಸಿರು ಬರುತ್ತದೆ. ಕಣ್ಣು ಕತ್ತಲೆ ಕಟ್ಟುತ್ತದೆ. "ಕೆಲಸ ಜಾಸ್ತಿ ಆಯ್ತು" ಅಂತ ಸುಮ್ಮನಾಗ್ತೀವಿ. ಅದು ರಕ್ತಹೀನತೆಯೂ ಆಗಿರಬಹುದು.

ರಕ್ತದಲ್ಲಿ ಕೆಂಪು ಕಣಗಳಿವೆ. ನಾವು ಉಸಿರಾಡುವ ಗಾಳಿಯ ಆಮ್ಲಜನಕವನ್ನು ಅವು ಮೈಗೆಲ್ಲಾ ಹೊತ್ತು ಒಯ್ಯುತ್ತವೆ. ಒಂದು ಕಣದ ಆಯಸ್ಸು ಸುಮಾರು 120 ದಿನ. ಆಮೇಲೆ ಹೊಸದು ಹುಟ್ಟಬೇಕು. ಅದಕ್ಕೆ ಕಬ್ಬಿಣದ ಅಂಶ ಬೇಕು. ಅದೊಂದೇ ಸಾಕೇ? ಸಾಲದು.

1928ರಲ್ಲಿ ಲೂಸಿ ವಿಲ್ಸ್ ಎಂಬ ವೈದ್ಯೆ ಇಂಗ್ಲೆಂಡಿನಿಂದ ಮುಂಬಯಿಗೆ ಬಂದರು. ಬಟ್ಟೆ ಗಿರಣಿಯಲ್ಲಿ ದುಡಿಯುವ ಬಡ ಬಸುರಿಯರ ರಕ್ತಹೀನತೆಯನ್ನು ಪರೀಕ್ಷಿಸಿದರು. ಯೀಸ್ಟಿನ ಸಾರ ತಿನ್ನಿಸಿದಾಗ ಅವರು ಚೇತರಿಸಿಕೊಂಡರು. ಅದರಲ್ಲಿದ್ದ ಗುಣದ ವಸ್ತು ಫೋಲಿಕ್ ಆಮ್ಲ ಎಂದು ಮುಂದೆ ತಿಳಿಯಿತು. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ತೆಗೆದರು. ನಮ್ಮ ಹಿತ್ತಲ ಸೊಪ್ಪಿನಲ್ಲೂ ಅದು ಇದೆ!

ಇನ್ನೊಂದು ಮಾತು. ಬಯಲಿಗೆ ಹೋಗುವ ಜಾಗದ ಹಸಿ ಮಣ್ಣಿನಲ್ಲಿ ಕೊಕ್ಕೆಹುಳು ಇರುತ್ತದೆ. ಬರಿಗಾಲಿನಿಂದ ಮೈ ಸೇರುತ್ತದೆ. ಕರುಳಲ್ಲಿ ಕೂತು ರಕ್ತ ಹೀರುತ್ತದೆ.

ನಾವೇನು ಮಾಡೋಣ? ಹರಿವೆ, ನುಗ್ಗೆಸೊಪ್ಪು, ಹೆಸರುಕಾಳು ತಿನ್ನೋಣ. ಮೇಲೆ ಲಿಂಬೆ ಹಿಂಡೋಣ. ಊಟದ ಜೊತೆ ಚಹಾ ಬೇಡ. ಕಾಲಿಗೆ ಚಪ್ಪಲಿ ಇರಲಿ. ಶೌಚಾಲಯ ಬಳಸೋಣ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸೋಣ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ, ಬಸುರಿಯರಲ್ಲಿ 11ಕ್ಕಿಂತ ಕಡಿಮೆ ಇದ್ದರೆ, ಅದು ರಕ್ತಹೀನತೆ. ಅಲ್ಲಿ ಕೊಡುವ ಮಾತ್ರೆಯಲ್ಲಿ ಕಬ್ಬಿಣ, ಫೋಲಿಕ್ ಆಮ್ಲ ಎರಡೂ ಇವೆ. ತಪ್ಪದೆ ನುಂಗೋಣ. ಮಲ ಕಪ್ಪಾದರೆ ಹೆದರಬೇಡಿ.

ಎಲ್ಲರಿಗೂ ಬಡಿಸಿ ತಳ ಕೆರೆದು ಉಣ್ಣೋದು ಸಾಕು. ಅಕ್ಕಾ, ನಿಮ್ಮ ಪಾಲಿನ ಸೊಪ್ಪಿನ ಪಲ್ಯ ಮೊದಲೇ ತೆಗೆದಿಡಿ.