ಸರ್ಪಗಂಧದ ಬೇರಿನಿಂದ ಮಿದುಳಿನ ಬೀಗದವರೆಗೆ

ಮಂಕಿಯಲ್ಲಿ ಹೆದ್ದಾರಿಯನ್ನು ದಾಟುತ್ತಿರುವಾಗ ಹಠಾತ್ತನೆ ಲಾರಿಯೊಂದು ನುಗ್ಗಿ ಬಂದಿತೆನ್ನಿ. ಲಾರಿ ಹಾದುಹೋದ ಮೇಲೆಯೂ ಎದೆ ಡವಡವನೆ ಬಡಿದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ದೇಹವನ್ನು ಹೀಗೆ ಕ್ಷಣಾರ್ಧದಲ್ಲಿ ಸಜ್ಜುಗೊಳಿಸುವ ದ್ರವ್ಯಗಳು ಮುಖ್ಯವಾಗಿ ಎರಡು: ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಸ್ರವಿಸುವ ಅಡ್ರಿನಲಿನ್, ನರಗಳ ತುದಿಯಿಂದ ಹೊರಬೀಳುವ ನಾರ್‌ಅಡ್ರಿನಲಿನ್. ಈ ಎಚ್ಚರ ಮಿತಿಮೀರಿ ನಿಂತರೆ ರಕ್ತದೊತ್ತಡ ಏರುವುದುಂಟು, ನಿದ್ರೆ ಕೆಡುವುದುಂಟು. ಅದನ್ನು ಮಿದುಳಿನಲ್ಲಿಯೇ ತಗ್ಗಿಸುವ ಔಷಧಗಳು ಹೇಗೆ ದೊರೆತವೆಂಬುದನ್ನು ಇಲ್ಲಿ ವಿಚಾರಿಸೋಣ.

ಬೇರಿನ ಕಥೆ

ಉತ್ತರ ಕನ್ನಡವೂ ಸೇರಿದಂತೆ ಪಶ್ಚಿಮ ಘಟ್ಟದ ತೇವದ ಕಾಡುಗಳಲ್ಲಿ ಸರ್ಪಗಂಧವೆಂಬ ಸಣ್ಣ ಗಿಡ ಬೆಳೆಯುತ್ತದೆ. ಸೂತ್ರನಾಭಿ, ಪಾತಾಳಗಂಧಿ ಎಂಬ ಹೆಸರುಗಳೂ ಅದಕ್ಕುಂಟು. ಅದರ ಬೇರು ನಿದ್ರೆ ತರುವುದೆಂದೂ ಚಿತ್ತಭ್ರಮೆಯನ್ನು ಶಮನಗೊಳಿಸುವುದೆಂದೂ ನಮ್ಮ ನಾಟಿ ವೈದ್ಯರು ಬಹುಕಾಲದಿಂದ ಬಲ್ಲರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಗುಣಗಳನ್ನು ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದರು. ಮುಂಬಯಿಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲರು 1949ರಲ್ಲಿ ಇದರಿಂದ ರಕ್ತದೊತ್ತಡ ಇಳಿಯುವುದನ್ನು ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿ ಜಗತ್ತಿನ ಗಮನ ಸೆಳೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಜ್ಞರು ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು.

ರಿಸರ್ಪಿನ್ ಮಾಡುವುದೇನು? ನರದ ತುದಿಯಲ್ಲಿ ನಾರ್‌ಅಡ್ರಿನಲಿನನ್ನು ಶೇಖರಿಸಿಡುವ ಸೂಕ್ಷ್ಮ ಚೀಲಗಳಿವೆ. ಅವು ತುಂಬದಂತೆ ಅದು ತಡೆಯುತ್ತದೆ. ಚೀಲದ ಹೊರಗುಳಿದ ದ್ರವ್ಯ ನಾಶವಾಗುತ್ತದೆ. ಕಣಜ ಬರಿದಾದ ಮೇಲೆ ಸಂದೇಶವೆಲ್ಲಿಯದು? ಆದರೆ ಬರಿದಾಗುವುದು ಇದೊಂದೇ ಅಲ್ಲ. ಸಿರೊಟೋನಿನ್, ಡೋಪಮಿನ್ ಎಂಬ ಇತರ ದ್ರವ್ಯಗಳ ಕಣಜಗಳೂ ಬರಿದಾಗುತ್ತವೆ. ಕೆಲವು ರೋಗಿಗಳಲ್ಲಿ ತೀವ್ರ ಖಿನ್ನತೆ ಕಂಡುಬಂದಿತೆಂದು ಆ ಕಾಲದ ವೈದ್ಯರು ವರದಿ ಮಾಡಿದರು. ಇಡೀ ಊರಿನ ದೀಪಗಳನ್ನು ಆರಿಸದೆ ಒಂದು ಮನೆಯ ದೀಪವನ್ನಷ್ಟೇ ತಗ್ಗಿಸುವ ಉಪಾಯ ಬೇಕಾಗಿತ್ತು.

ಬೀಗಗಳು ಹಲವು

ಆ ಉಪಾಯಕ್ಕೆ ದಾರಿ ತೋರಿಸಿದವರು ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್. ನಾರ್‌ಅಡ್ರಿನಲಿನ್ ಬೀಗದ ಕೈಯಾದರೆ, ಅದು ಹೋಗಿ ಕೂಡುವ ಗ್ರಾಹಕವೇ ಬೀಗ. ಈ ಬೀಗಗಳಲ್ಲಿ ಆಲ್ಫಾ, ಬೀಟಾ ಎಂಬ ಎರಡು ಜಾತಿಗಳಿವೆಯೆಂದು ಅವರು 1948ರಲ್ಲಿ ಸೂಚಿಸಿದರು. ಮುಂದೆ ಆಲ್ಫಾ ಜಾತಿಯಲ್ಲಿಯೇ ಒಂದು, ಎರಡು ಎಂಬ ಒಳಭೇದಗಳು ತಿಳಿದುಬಂದವು.

ನಮಗೆ ಇಲ್ಲಿ ಮುಖ್ಯವಾದುದು ಎರಡನೆಯ ಆಲ್ಫಾ. ಇದು ಸಂದೇಶವನ್ನು ಪಡೆಯುವ ಕೋಶದಲ್ಲಲ್ಲದೆ ಕಳುಹಿಸುವ ನರಕೋಶದ ಮೇಲೆಯೂ ಇರುತ್ತದೆ! ವಿದ್ಯುತ್ ಇಸ್ತ್ರಿಪೆಟ್ಟಿಗೆಯನ್ನು ನೆನೆಯಿರಿ. ಕಾವು ಮಿತಿ ಮುಟ್ಟಿದೊಡನೆ ಒಳಗಿನ ಲೋಹದ ಪಟ್ಟಿ ಬಾಗಿ ವಿದ್ಯುತ್ತನ್ನು ಕಡಿಯುತ್ತದೆ. ಹಾಗೆಯೇ ಹೊರಬಿದ್ದ ನಾರ್‌ಅಡ್ರಿನಲಿನ್ ಹೆಚ್ಚಿದಾಗ, ಅದೇ ಹಿಂದಿರುಗಿ ಈ ಬೀಗದಲ್ಲಿ ಕುಳಿತು "ಇನ್ನು ಸಾಕು" ಎಂದು ನರಕೋಶಕ್ಕೆ ತಿಳಿಸುತ್ತದೆ. ಭೌತಶಾಸ್ತ್ರದಲ್ಲಿ ನಾವು ಋಣ ಮರುಪೂರಣವೆನ್ನುವುದು ಇದನ್ನೇ. ಈ ಬೀಗವನ್ನು ಔಷಧವೊಂದು ತಾನೇ ತಿರುಗಿಸಿದರೆ, ದ್ರವ್ಯ ಹೆಚ್ಚುವ ಮೊದಲೇ ನರಕೋಶ ಸುಮ್ಮನಾಗುತ್ತದೆ.

ಇಂಥ ಔಷಧ ದೊರೆತುದು ಆಕಸ್ಮಿಕವಾಗಿ. 1960ರ ದಶಕದ ಆರಂಭದಲ್ಲಿ ಜರ್ಮನಿಯ ಕಾರ್ಖಾನೆಯೊಂದರಲ್ಲಿ ನೆಗಡಿಗೆಂದು ಕ್ಲೋನಿಡಿನ್ ತಯಾರಾಯಿತು. ಮೂಗಿನ ರಕ್ತನಾಳಗಳನ್ನು ಕುಗ್ಗಿಸುವುದು ಅದರ ಉದ್ದೇಶ. ಅದರ ಹನಿಗಳನ್ನು ಮೂಗಿಗೆ ಹಾಕಿಸಿಕೊಂಡ ಕಚೇರಿಯ ಕಾರ್ಯದರ್ಶಿನಿಯೊಬ್ಬರು ಸುಮಾರು ಒಂದು ದಿನ ನಿದ್ರಿಸಿದರು. ಅವರ ರಕ್ತದೊತ್ತಡ ಕುಸಿದು, ನಾಡಿ ನಿಧಾನವಾಗಿತ್ತು. ಔಷಧ ಮೂಗಿನಲ್ಲಿ ನಿಲ್ಲದೆ ಮಿದುಳನ್ನು ಸೇರಿತ್ತು! 1966ರಲ್ಲಿ ಅದೇ ರಕ್ತದೊತ್ತಡದ ಮದ್ದಾಗಿ ಬಳಕೆಗೆ ಬಂದಿತು. ಆದರೆ ಅದನ್ನು ದಿಢೀರನೆ ನಿಲ್ಲಿಸಿದರೆ, ಒತ್ತಿಹಿಡಿದ ಸುರುಳಿ ಚಿಮ್ಮುವಂತೆ ರಕ್ತದೊತ್ತಡ ಅಪಾಯಕರವಾಗಿ ಏರಬಹುದು. ಇಂಥ ಮದ್ದನ್ನು ವೈದ್ಯರ ಸಲಹೆಯಿಲ್ಲದೆ ತೊಡಗುವುದೂ ಸಲ್ಲದು, ಬಿಡುವುದೂ ಸಲ್ಲದು.

ಹೊಂದುವ ಕೈಯ ಶೋಧ

ಕ್ಲೋನಿಡಿನ್ ಎರಡನೆಯ ಆಲ್ಫಾದೊಡನೆ, ಮೊದಲನೆಯದಕ್ಕಿಂತ ಸುಮಾರು 220 ಪಟ್ಟು ಹೆಚ್ಚು ಒಲವಿನಿಂದ ಕೂಡುತ್ತದೆ. 1999ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡೆಕ್ಸ್‌ಮೆಡಿಟೊಮಿಡಿನ್‌ನಲ್ಲಿ ಈ ಪ್ರಮಾಣ ಸುಮಾರು 1,620 ಪಟ್ಟು. ಮಿದುಳಿನ ಕಾಂಡದಲ್ಲಿರುವ, ಎಚ್ಚರವನ್ನು ಕಾಯುವ ಪುಟ್ಟ ನರಕೇಂದ್ರವೊಂದನ್ನು ಅದು ಸುಮ್ಮನಾಗಿಸುತ್ತದೆ. ತೀವ್ರನಿಗಾ ಘಟಕದ ರೋಗಿ ಶಾಂತನಾಗಿ ಮಲಗಿರುತ್ತಾನೆ, ಕರೆದರೆ ಎಚ್ಚರಗೊಳ್ಳುತ್ತಾನೆ. ಗ್ವಾನ್‌ಫಸಿನ್ ಎಂಬ ಇನ್ನೊಂದು ಔಷಧ, ಗಮನ ನಿಲ್ಲದೆ ಬಳಲುವ ಮಕ್ಕಳಿಗಾಗಿ 2009ರಲ್ಲಿ ಅಲ್ಲಿಯೇ ಒಪ್ಪಿಗೆ ಪಡೆಯಿತು.

ಬೀಗದ ನಿಜವಾದ ಆಕಾರವನ್ನು ಕಾಣುವುದು ಸುಲಭವಾಗಿರಲಿಲ್ಲ. ಎರಡನೆಯ ಬೀಟಾ ಗ್ರಾಹಕದ ರಚನೆ, ಹರಳಿನ ಮೇಲೆ ಕ್ಷಕಿರಣಗಳನ್ನು ಹಾಯಿಸಿ ನೋಡಿದಾಗ, 2007ರಲ್ಲಿ ತಿಳಿಯಿತು. ಈ ಗ್ರಾಹಕಗಳ ಅಧ್ಯಯನಕ್ಕಾಗಿ ರಾಬರ್ಟ್ ಲೆಫ್ಕೊವಿಟ್ಸ್ ಮತ್ತು ಬ್ರಯಾನ್ ಕೊಬಿಲ್ಕ 2012ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಇಂದು ಬೀಗದ ಆಕಾರವನ್ನು ನೋಡಿಕೊಂಡೇ ಕೈಯನ್ನು ಕೆತ್ತುವ ಪ್ರಯತ್ನ ನಡೆದಿದೆ.

ಸರ್ಪಗಂಧದ ಬೇರಿನಲ್ಲಿ ರಿಸರ್ಪಿನ್ ಜೊತೆಗೆ ಯೋಹಿಂಬಿನ್ ಎಂಬ ಸಾರವೂ ಇದೆ. ಅದು ಎರಡನೆಯ ಆಲ್ಫಾ ಬೀಗವನ್ನು ಮುಚ್ಚಿ, ನಾರ್‌ಅಡ್ರಿನಲಿನ್ ಹೆಚ್ಚು ಹೊರಬೀಳುವಂತೆ ಮಾಡುತ್ತದೆ! ಒಂದೇ ಬೇರಿನಲ್ಲಿ ಶಮನಗೊಳಿಸುವುದೂ ಉಂಟು, ಕೆರಳಿಸುವುದೂ ಉಂಟು. ನಾಟಿ ವೈದ್ಯರ ಅನುಭವ ದಾರಿ ತೋರಿತು. ಯಾವ ಸಾರ, ಎಷ್ಟು ಪ್ರಮಾಣ, ಯಾವ ಬೀಗಕ್ಕೆ ಎಂಬುದನ್ನು ಬಿಡಿಸಿ ಹೇಳಿದುದು ಪ್ರಯೋಗಶಾಲೆ. ಗಿಡವೋ ಅತಿಯಾಗಿ ಅಗೆಯಲ್ಪಟ್ಟು ವಿರಳವಾಗುತ್ತ ಬಂದಿದೆ. ಬೇರನ್ನು ಕಿತ್ತರೆ ಗಿಡವೇ ಹೋಗುತ್ತದೆ. ಗಿಡ ಹೋದರೆ, ಅದರಲ್ಲಿ ನಾವಿನ್ನೂ ಓದದ ಪಾಠವೂ ಅದರೊಡನೆಯೇ ಹೋಗುತ್ತದೆ.