ಶಾಲಾರಂಭದ ಮೊದಲ ವಾರ

ಬೇಸಗೆಯ ರಜೆ ಮುಗಿದು ಶಾಲೆ ತೆರೆದ ಮೊದಲ ವಾರದಲ್ಲಿ ಮಕ್ಕಳ ಪುಸ್ತಕಗಳಲ್ಲಿ ಹೆಚ್ಚು ಬರವಣಿಗೆ ಕಾಣದೆ ಹೆತ್ತವರು ಕಳವಳಪಡುವುದುಂಟು. ಇಷ್ಟು ದಿನ ಏನು ಕಲಿಸಿದಿರೆಂದು ಅವರು ಕೇಳುವುದು ನ್ಯಾಯವೇ ಸರಿ. ಆ ವಾರದಲ್ಲಿ ನಾವು ಮುಖ್ಯವಾಗಿ ಕಲಿಸುವುದು ತರಗತಿಯ ದಿನಚರಿಯ ಕ್ರಮವನ್ನು. ಅದೇತಕ್ಕೆಂಬುದನ್ನು ಇಲ್ಲಿ ವಿವರಿಸುವೆವು.

ಮೊದಲು ಲೆಕ್ಕವನ್ನು ನೋಡೋಣ. ದಿನಕ್ಕೆ 40 ನಿಮಿಷಗಳ 8 ಪಾಠಗಳಿರುವಲ್ಲಿ, ಪುಸ್ತಕ ತೆಗೆಯುವುದಕ್ಕೂ ಸದ್ದಡಗುವುದಕ್ಕೂ ಪ್ರತಿಯೊಂದು ಪಾಠದಲ್ಲಿ 5 ನಿಮಿಷ ಕಳೆದರೆ, ದಿನವೊಂದಕ್ಕೆ ಇಡೀ ಒಂದು ಪಾಠವೇ ಹೋಯಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಎಂಟನೆಯ ತರಗತಿಗೆ ವರ್ಷಕ್ಕೆ 220 ಕೆಲಸದ ದಿನಗಳನ್ನು ವಿಧಿಸಿದೆ. ಆ ಪ್ರಕಾರ ನಷ್ಟವು 220 ಪಾಠಗಳು, ಅಂದರೆ 27 ದಿನಗಳಿಗೂ ಮಿಕ್ಕಿದ ಶಾಲೆ!

ಪೂರ್ವದಲ್ಲಿ ಕ್ರಮವನ್ನು ಬೆತ್ತವೇ ಕಲಿಸುತ್ತಿತ್ತು. ಬಳ್ಳಾರಿಯ ಕಲೆಕ್ಟರರಾಗಿದ್ದ ಕ್ಯಾಂಪ್‌ಬೆಲ್ಲರು 1823ರಲ್ಲಿ ಆ ಜಿಲ್ಲೆಯ ಶಾಲೆಗಳ ಕುರಿತು ಬರೆದ ವರದಿಯಂತೆ, ಬೆಳಿಗ್ಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನೂ ಎರಡನೆಯವನ ಅಂಗೈಯಲ್ಲಿ ಸೊನ್ನೆಯನ್ನೂ ಬರೆಯುತ್ತಿದ್ದರು. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏಟುಗಳು ಏರುತ್ತಿದ್ದವು. ಎಲ್ಲರೂ ಹೊತ್ತಿಗೆ ಸರಿಯಾಗಿ ಬಂದರೂ ಮನ್ನಣೆ ಒಬ್ಬನಿಗೆ ಮಾತ್ರವಷ್ಟೆ. ಮೇಲೆ ಹೇಳಿದ ಕಾಯಿದೆಯು ದೈಹಿಕ ದಂಡನೆಯನ್ನು ನಿಷೇಧಿಸಿದೆ. ಅದು ನಿಷೇಧಿಸದಿದ್ದರೂ ಭಯದಿಂದ ಕಲಿತದ್ದು ಉಪಾಧ್ಯಾಯಿನಿ ಬೆನ್ನು ತಿರುಗಿಸಿದೊಡನೆ ಮರೆತುಹೋಗುವುದೆಂದು ನಾವು ಬಲ್ಲೆವು.

ಎಂಟನೆಯ ತರಗತಿಗೆ ಹುಡುಗಿಯರು ಹಲವು ಶಾಲೆಗಳಿಂದ, ಹಲವು ರೂಢಿಗಳೊಡನೆ ಬರುತ್ತಾರೆ. ಮರೆತ ಪಾಠಗಳನ್ನು ಜೋಡಿಸುವುದಕ್ಕೆ ಸೇತುಬಂಧವೆಂಬ ಏರ್ಪಾಡಿದೆ. ರೂಢಿಗಳನ್ನು ಜೋಡಿಸುವ ಕೆಲಸ ನಮ್ಮ ಪಾಲಿಗೆ ಬಿಟ್ಟದ್ದು. ಜೂನ್ ತಿಂಗಳ ಮಳೆಯಲ್ಲಿ ತೊಯ್ದ ಕೊಡೆಯನ್ನು ಜಗಲಿಯಲ್ಲಿ ಎಲ್ಲಿಡಬೇಕು, ಪುಸ್ತಕಗಳನ್ನು ಹಿಂದಿನ ಬೆಂಚಿನಿಂದ ಮುಂದಕ್ಕೆ ಹೇಗೆ ದಾಟಿಸಬೇಕು ಎಂಬಿವನ್ನು ಬಾಯಲ್ಲಿ ಹೇಳಿದರೆ ಸಾಲದು. ಮಾಡಿ ತೋರಿಸಬೇಕು, ಮಾಡಿಸಬೇಕು, ತಪ್ಪಿದರೆ ಗದರಿಸದೆ ಮತ್ತೊಮ್ಮೆ ಮಾಡಿಸಬೇಕು. ದಿನಕ್ಕೆ ಎರಡು ಕ್ರಮಗಳಿಗಿಂತ ಹೆಚ್ಚು ಕಲಿಸತಕ್ಕದ್ದಲ್ಲ.

ಇವೆಲ್ಲವುಗಳಲ್ಲಿ ನಾವು ಅತಿ ಮುಖ್ಯವೆಂದು ಎಣಿಸುವುದು ಬಾಗಿಲ ಬಳಿ ಮೊಳೆಗೆ ತೂಗುಹಾಕಿದ ಒಂದು ಮರದ ಬಿಲ್ಲೆ. ಹೊರಗೆ ಹೋಗಬೇಕಾದವಳು ಅದನ್ನು ತೆಗೆದುಕೊಂಡು ಸುಮ್ಮನೆ ಹೋಗಿ, ಬಂದು ತಿರುಗಿ ತೂಗುಹಾಕತಕ್ಕದ್ದು. ಅಪ್ಪಣೆ ಕೇಳಬೇಕಾಗಿಲ್ಲ, ಕಾರಣವನ್ನೂ ಹೇಳಬೇಕಾಗಿಲ್ಲ. ಬಿಲ್ಲೆ ಮೊಳೆಯಲ್ಲಿಲ್ಲದಿದ್ದರೆ ಹೋದವಳು ಬರುವ ತನಕ ಕಾಯಬೇಕು, ತಡೆಯಲಾರದವಳು ಕಾಯಬೇಕಾಗಿಲ್ಲ. ಹದಿಮೂರರ ಪ್ರಾಯದ ಹುಡುಗಿಗೆ, ತಿಂಗಳ ಆ ದಿನಗಳಲ್ಲಿ, ಅದೂ ಮಾಸ್ತರರ ಪಾಠದಲ್ಲಿ, ಎಲ್ಲರೆದುರು ಎದ್ದು ನಿಂತು ಕೇಳುವುದು ಎಷ್ಟು ಕಷ್ಟವೆಂಬುದನ್ನು ತಾಯಂದಿರಿಗೆ ಹೇಳಬೇಕಾಗಿಲ್ಲ. ಕೇಳಲಾರದವಳು ಬೆಳಗಿನಿಂದ ನೀರನ್ನೇ ಕುಡಿಯದೆ ಕುಳಿತಿರುತ್ತಾಳೆ, ಇಲ್ಲವೆ ಆ ದಿನಗಳಲ್ಲಿ ಶಾಲೆಗೇ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಅದು ಬರೇ ಗೈರುಹಾಜರಿ. ಗಣಿತದಲ್ಲಿಯಾದರೋ ಅದು ಅರ್ಥವಾಗದ ಅಧ್ಯಾಯ.

ಬಿಲ್ಲೆಯನ್ನು ಹಿಡಿದು ಅಂಗಳದಲ್ಲಿ ತಿರುಗಾಡುವವರೂ ಮೊದಲ ದಿನಗಳಲ್ಲಿ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅಂಥವಳನ್ನು ಪಾಠ ಮುಗಿದ ಮೇಲೆ ಬೇರೆಯಾಗಿ ಕರೆದು ಮಾತಾಡಿದರೆ ಸಾಕು. ಅವಳೊಬ್ಬಳಿಗಾಗಿ ಬಿಲ್ಲೆಯನ್ನು ಮೊಳೆಯಿಂದ ತೆಗೆಯಬಾರದು.

ದಸರಾ ರಜೆ ಕಳೆದು ಬಂದವರು ಈ ಕ್ರಮಗಳಲ್ಲಿ ಅರ್ಧವನ್ನು ಮರೆತಿರುತ್ತಾರೆ. ಆಗ ಒಂದು ದಿನವನ್ನು ಪುನಃ ಇದಕ್ಕೆ ಮೀಸಲಿಡುವೆವು. ನಡುವರ್ಷದಲ್ಲಿ ಸೇರಿದವಳಿಗಾದರೆ ಅವಳ ಬೆಂಚಿನ ಗೆಳತಿಯೇ ಇವೆಲ್ಲವನ್ನೂ ತೋರಿಸಿಕೊಡುವಳು.