ಸಂಘ ಯಾಕೆ ಒಡೆಯುತ್ತೆ? ಸಭೆಯ ಕೊನೇ ಹತ್ತು ನಿಮಿಷ ಇದಕ್ಕೆ ಇಡಿ

ಅರಿಶಿನಕುಂಟೆ: ಮಹಿಳಾ ಸಂಘ, ಅಂಗಡಿಯವರ ಚೀಟಿ, ಗಣೇಶ ಕೂರಿಸೋ ಹುಡುಗರ ಗುಂಪು, ಲೇಔಟ್ ನಿವಾಸಿಗಳ ಸಂಘ. ನಮ್ಮಲ್ಲಿ ಸಂಘಗಳಿಗೇನೂ ಕಮ್ಮಿ ಇಲ್ಲ. ಮೂರ್ನಾಲ್ಕು ವರ್ಷಕ್ಕೆ ಅವು ಎರಡು ಹೋಳಾಗೋದೂ ಮಾಮೂಲು. ನಾನಿದ್ದ ಗಣೇಶನ ಗುಂಪೂ ಹೀಗೇ ಒಡೆಯಿತು. ಲೆಕ್ಕದಲ್ಲಿ ಮೋಸ ಆಗಿರಲಿಲ್ಲ. ಚಂದಾ ಪುಸ್ತಕ ಮೂರು ವರ್ಷ ಒಬ್ಬನ ಹತ್ರವೇ ಇತ್ತು, ಯಾರೂ ಕೇಳಲಿಲ್ಲ. ನಾಲ್ಕನೇ ವರ್ಷ ಕೇಳಿದಾಗ ಅದು ಅವನಿಗೆ ಕಳ್ಳ ಅಂದ ಹಾಗೆ ಕೇಳಿಸಿತು. ಈಗ ಒಂದೇ ರಸ್ತೆಯಲ್ಲಿ ಎರಡು ಪೆಂಡಾಲ್, ಚಂದಾಗೆ ಮಾತ್ರ ಅದೇ ಅಂಗಡಿಗಳು.

ಗುಂಪಿನಲ್ಲಿ ಯಾರು ಮಾತಾಡ್ತಾರೆ, ಯಾರು ಸುಮ್ಮನಿರ್ತಾರೆ, ಕೊನೆಗೆ ಯಾರ ಮಾತು ನಡೆಯುತ್ತೆ ಅನ್ನೋದನ್ನ ಓದಿದವರು ಗ್ರೂಪ್ ಡೈನಾಮಿಕ್ಸ್ ಅಂತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲಿ ಇದಕ್ಕೆ ನಾಲ್ಕು ಘಟ್ಟ ಹೇಳಿದರು: ಸೇರೋದು, ಜಗಳ, ನಿಯಮ ಕೂರೋದು, ಆಮೇಲೆ ಕೆಲಸ. ಅಂದ್ರೆ ಜಗಳ ಬಂದ ತಕ್ಷಣ ಸಂಘ ಮುಗೀತು ಅಂತಲ್ಲ. ಜಗಳದಲ್ಲೇ ನಿಂತುಬಿಟ್ಟರೆ ಕಷ್ಟ.

ನಮ್ಮ ರಾಜ್ಯದಲ್ಲೇ ಇದಕ್ಕೊಂದು ದೊಡ್ಡ ಉದಾಹರಣೆ ಇದೆ. 1968ರಲ್ಲಿ ಶುರುವಾದ ಮೈರಾಡ ಸಂಸ್ಥೆ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನ ಕಟ್ಟಿಸಿ ಸಾಲ ಕೊಡಿಸ್ತಿತ್ತು. ಸದಸ್ಯರು ಜಾಸ್ತಿ, ನಾನಾ ಥರದ ಜನ, ಹಿಡಿತ ಮಾತ್ರ ಒಬ್ಬಿಬ್ಬರದು. 1984-85ರ ಸುಮಾರಿಗೆ ಹಲವು ಸಂಘ ಕುಸಿದವು. ಆಗ ಸದಸ್ಯರು ಸಣ್ಣ ಸಣ್ಣ ಗುಂಪಾಗಿ ಬಂದು, ಸಾಲ ತೀರಿಸ್ತೀವಿ, ಆದ್ರೆ ಆ ಸಂಘಕ್ಕಲ್ಲ, ನಿಮಗೇ ಕಟ್ತೀವಿ ಅಂದರು. ನಿಮ್ಮ ನಿಮ್ಮ ಗುಂಪಿಗೇ ಕಟ್ಕೊಳ್ಳಿ ಅಂತ ಸಂಸ್ಥೆ ಹೇಳಿತು. ಇವತ್ತಿನ ಸ್ವಸಹಾಯ ಸಂಘಗಳ ಒಂದು ಮುಖ್ಯ ಬೇರು ಅದು. 1987ರಲ್ಲಿ ನಬಾರ್ಡ್ ಇದಕ್ಕೆ 10 ಲಕ್ಷ ರೂ. ಕೊಟ್ಟಿತು, 1992ರಲ್ಲಿ ಸಂಘಗಳನ್ನ ಬ್ಯಾಂಕಿಗೆ ಜೋಡಿಸುವ ಯೋಜನೆ ಬಂತು. ನಮ್ಮ ಸ್ತ್ರೀಶಕ್ತಿ ಸಂಘಗಳು ಶುರುವಾಗಿದ್ದು 2000-01ರಲ್ಲಿ.

ಗಮನಿಸಿ, ಜನ ಅದೇ, ಸಾಲ ಅದೇ. ತಮಗೆ ನಂಬಿಕೆ ಇರೋರ ಜೊತೆ ತಾವೇ ಆರಿಸ್ಕೊಂಡು ಕೂತರು, ಅಷ್ಟೇ. ಸದಸ್ಯರ ಸಂಖ್ಯೆ 20 ದಾಟಬಾರದು ಅನ್ನೋದಕ್ಕೆ ಹಳೇ ಕಂಪನಿ ಕಾಯ್ದೆಯ ನೋಂದಣಿ ನಿಯಮವೂ ಕಾರಣ, ಆದ್ರೆ ಅಷ್ಟು ಜನ ಇದ್ರೆ ಮುಖ ನೋಡಿ ಮಾತಾಡಬಹುದು ಅನ್ನೋದೂ ನಿಜ.

ಸ್ವಸಹಾಯ ಸಂಘಗಳಿಗೆ ಪಂಚಸೂತ್ರ ಕಲಿಸ್ತಾರೆ: ನಿಯಮಿತ ಸಭೆ, ಉಳಿತಾಯ, ಒಳಸಾಲ, ಸಕಾಲಕ್ಕೆ ಮರುಪಾವತಿ, ಸರಿಯಾದ ಪುಸ್ತಕ. ಐದೂ ಬೇಕು. ಆದ್ರೆ ನಾವು ಒಬ್ಬರಿಗೊಬ್ಬರು ಹೇಗೆ ನಡ್ಕೊಂಡ್ವಿ ಅಂತ ಈ ಐದರಲ್ಲಿ ಯಾವುದೂ ನೇರವಾಗಿ ಕೇಳಲ್ಲ. ರಾತ್ರಿ ಶಟರ್ ಎಳೆಯೋ ಮುಂಚೆ ಅಂಗಡಿಯವರು ಗಲ್ಲಾ ಎಣಿಸ್ತಾರೆ, ಜೊತೆಗೆ ಯಾವ ಮಾಲು ಹೋಗಲಿಲ್ಲ, ಯಾವ ಗಿರಾಕಿ ಮುನಿಸ್ಕೊಂಡು ಹೋದ ಅಂತಾನೂ ಯೋಚಿಸ್ತಾರೆ. ಡೊನಾಲ್ಡ್ ಶೋನ್ ಅನ್ನೋರು 1983ರಲ್ಲಿ ಪುಸ್ತಕ ಬರೆದಿದ್ದು ಹೆಚ್ಚುಕಮ್ಮಿ ಇದರ ಮೇಲೇನೇ: ಕೆಲಸ ಮಾಡೋರು ಮಾಡ್ತಾ ಮಾಡ್ತಾನೇ ತಮ್ಮ ಕೆಲಸವನ್ನ ಪರೀಕ್ಷಿಸೋದು.

ಸಂಘದಲ್ಲಿ ಇದನ್ನ ಹೇಗೆ ಮಾಡೋದು? ಒಬ್ಬ ಸದಸ್ಯೆ ಎರಡು ಕಂತು ತಪ್ಪಿಸಿದ್ರು ಅಂದ್ಕೊಳ್ಳಿ. 'ಯಾಕಮ್ಮ ಕಟ್ಟಿಲ್ಲ?' ಅಂದ್ರೆ ಅವರು ಮುಂದಿನ ಸಭೆಗೇ ಬರಲ್ಲ. 'ಸಾಲ ಕೊಡುವಾಗ ನಾವು ಏನನ್ನ ನೋಡದೇ ಬಿಟ್ವಿ?' ಅಂತ ಎಲ್ಲರೂ ಕೇಳ್ಕೊಂಡ್ರೆ, ಅವರ ಹಸು ಹಾಲು ನಿಲ್ಲಿಸೋ ತಿಂಗಳಿಗೇ ಕಂತು ಇಟ್ಟಿದ್ವಿ ಅಂತ ಗೊತ್ತಾಗಬಹುದು. ಕಂತು ಅವರೇ ಕಟ್ಟಬೇಕು, ಅದರಲ್ಲಿ ವಿನಾಯಿತಿ ಇಲ್ಲ. ಆದ್ರೆ ದಿನಾಂಕ ಬದಲಿಸಬಹುದು.

ಇನ್ನೊಂದು ವಿಷಯ. ಪ್ರತಿ ಸಲ ಅಧ್ಯಕ್ಷೆ ಮನೆಯಲ್ಲೇ ಸಭೆ ಇದ್ರೆ, ಅವರ ಕಾಫಿ ಕುಡಿದು ಅವರ ಎದುರು ಯಾರು ಮಾತಾಡ್ತಾರೆ? ಜಾಗ ಬದಲಿಸಿ. ಅಧ್ಯಕ್ಷರು ಕೊನೇಲಿ ಮಾತಾಡಲಿ. ವಾಟ್ಸಾಪ್‌ನಲ್ಲಿ ಹೆಬ್ಬೆಟ್ಟು ಒತ್ತಿದ್ದನ್ನ ಒಪ್ಪಿಗೆ ಅಂತ ಬರ್ಕೋಬೇಡಿ.

ಕೊನೇ ಹತ್ತು ನಿಮಿಷಕ್ಕೆ ಎರಡು ಪ್ರಶ್ನೆ ಸಾಕು: ಇವತ್ತು ಯಾರು ಬಾಯೇ ಬಿಡಲಿಲ್ಲ? ಹೋದ ಸಲ ಆಗಬೇಕು ಅಂದಿದ್ದರಲ್ಲಿ ಯಾವುದು ಆಗಲಿಲ್ಲ, ಯಾಕೆ? ಉತ್ತರವನ್ನ ನಡಾವಳಿ ಪುಸ್ತಕದಲ್ಲಿ ಬರೀರಿ. ಮುಂದಿನ ಸಭೆ ಅದನ್ನ ಓದೋದ್ರಿಂದಲೇ ಶುರುವಾಗಲಿ, ಓದೋರು ಪ್ರತಿ ಸಲ ಬೇರೆಯವರಾಗಿರಲಿ.